ಕಾಕಾಗೆ ಕೇಳದೆ ಬಿಟ್ಟ ಪ್ರಶ್ನೆ

ಪೊಲೀಸರು ಬರುವ ಹಿಂದಿನ ದಿನ ನಮ್ಮ ಮನೆಯವರು ಅಂಗಡಿಯಲ್ಲಿ ಕೂತು ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಅಫಜಲಪುರದ ನಮ್ಮ ಮನೆಯ ಮುಂಭಾಗವೇ ಅಂಗಡಿ. ಭೀಮಾ ದಂಡೆಯ ಪಂಪ್‌ಸೆಟ್ಟುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಆ ದಿನ ಯಾರೋ ಟಂಟಂ ಆಟೋದಲ್ಲಿ ಒಂದು ಮೋಟಾರ್ ತಂದಿಳಿಸಿ, ಸೊನ್ನ ಊರಿನದು, ನಾಳೆ ಬರುತ್ತೇನೆ ಎಂದು ಹೋದ. ಇವರು ಅದರ ಮೇಲೆ ಸೀಮೆಸುಣ್ಣದಿಂದ ‘ಸೊನ್ನ’ ಎಂದಷ್ಟೇ ಬರೆದರು. ನಮ್ಮಲ್ಲಿ ಮೋಟಾರುಗಳಿಗೆ ಊರಿನ ಗುರುತೇ ಸಾಕಾಗುತ್ತಿತ್ತು.

“ಹೆಸರು ಕೇಳಲಿಲ್ರಿ?” ಎಂದೆ.

“ಹೆಸರು ಕೇಳಾಕ ನಾವೇನು ಪೊಲೀಸರೇನ್ ಬೇ? ಚಾ ಇಡು.”

ಮರುದಿನ ಕೇಳುವವರೇ ಬಂದರು. ಸೊನ್ನದ ಹತ್ತಿರ ಹೊಳೆದಂಡೆಯಲ್ಲಿ ಯಾರೋ ಮೋಟಾರ್ ಕದ್ದು, ತಡೆಯಲು ಹೋದ ಅದರ ಮಾಲೀಕ ಮುದುಕರೊಬ್ಬರನ್ನು ದೂಡಿ ಕೈ ಮುರಿದಿದ್ದರು. ‘ಗುರುತಿಲ್ಲದ ವ್ಯಕ್ತಿ’ ಎಂದು ಮುದುಕರು ಫಿರ್ಯಾದಿಯಲ್ಲಿ ಬರೆಸಿದ್ದರು. ಮೋಟಾರ್ ನಮ್ಮಲ್ಲಿ ಸಿಕ್ಕಿತು. ಆದ್ದರಿಂದ ಗುರುತಿಲ್ಲದ ವ್ಯಕ್ತಿ ನಮ್ಮ ಮನೆಯವರೇ ಎಂದಾಯಿತು. ಬಿಚ್ಚಿ ನೋಡಿದ್ದರೆ ಹಿಂದೊಮ್ಮೆ ತಾವೇ ಸುತ್ತಿದ ತಂತಿ ಇವರಿಗೆ ಗುರುತಾಗುತ್ತಿತ್ತು. ಇನ್ನೂ ಬಿಚ್ಚಿರಲಿಲ್ಲ. ಆ ಮುದುಕರು ನಮ್ಮ ಹಳೆಯ ಗಿರಾಕಿ. ನಾನು ಮದುವೆಯಾಗಿ ಬಂದಾಗಿನಿಂದ ಅವರನ್ನು ಕಾಕಾ ಎಂದೇ ಕರೆದವಳು. ಎಷ್ಟೋ ಸಲ ನನ್ನ ಕೈಯ ರೊಟ್ಟಿ ಉಂಡು ಹೋಗಿದ್ದರು.

ವಕೀಲರನ್ನು ಸರ್ಕಾರವೇ ಕೊಟ್ಟಿತು. ಬಹಳ ಸೌಮ್ಯ ಮನುಷ್ಯ. ಕೋರ್ಟಿನಲ್ಲಿ ಎಂದೂ ದನಿ ಏರಿಸಿದವರಲ್ಲ. ಹಾಗೆ ನೋಡಿದರೆ ದನಿ ತೆಗೆದವರೂ ಅಲ್ಲ. ನಾನು ಅವರಿಗೆ ಒಂದೇ ಮಾತು ಹೇಳಿದ್ದೆ: “ಕಾಕಾಗ ಇವರು ಮದ್ಲಿಂದ ಗೊತ್ತದಾರ್ರಿ. ಹಂಗಿದ್ರ ಗುರುತಿಲ್ಲದಾಂವ ಅಂತ ಯಾಕ ಬರೆಸಿದ್ರಿ ಅಂತ ಕೇಳ್ರಿ.”

“ಕೇಳೂಣು ತಂಗಿ, ಕೇಳೂಣು,” ಎಂದು ಅವರು ಮೊಬೈಲ್ ನೋಡುತ್ತ ಹೇಳಿದರು.

ಸಾಕ್ಷಿಯ ದಿನ ಜಾಮೀನಿನ ಮೇಲಿದ್ದ ಇವರು ಕೋರ್ಟಿನ ಪಡಸಾಲೆಯ ಬೆಂಚಿನಲ್ಲಿ ಕೂತಿದ್ದರು. ಕಾಕಾ ಬಂದದ್ದೇ ತಡ, ಎದ್ದು ಜಾಗ ಬಿಟ್ಟರು.

“ಬರ್ರಿ ಕಾಕಾ, ಕೂಡ್ರಿ. ಕೈ ಹೆಂಗೈತ್ರಿ?”

“ಇನ್ನಾ ನೋಯ್ತದೋ ತಮ್ಮಾ. ಮೋಟಾರ್ ಬ್ಯಾರೆ ಠಾಣೆದಾಗ ಕುಂತೈತಿ.”

“ಬರ್ಲಿ ಬಿಡ್ರಿ, ಹೊಸಾ ಬೇರಿಂಗ್ ಹಾಕಿ ಕೊಡ್ತೇನಿ.”

ಪಕ್ಕದಲ್ಲಿ ಯಾರೋ ನಕ್ಕರು: “ಇವರೊಳಗ ಫಿರ್ಯಾದಿ ಯಾರು, ಕಳ್ಳ ಯಾರಲೇ?”

ಒಳಗೆ, ದೂಡಿದವರು ಯಾರೆಂದು ಕೇಳಿದಾಗ ಕಾಕಾ ನೆಲ ನೋಡುತ್ತ, ಗಟ್ಟಿಯಿದ್ದ ಕೈಯೆತ್ತಿ ಇವರನ್ನು ತೋರಿಸಿದರು. ನ್ಯಾಯಾಧೀಶರು ನಮ್ಮ ವಕೀಲರ ಕಡೆ ನೋಡಿದರು. ಪಾಟೀಸವಾಲಿನ ಸಮಯ ಅದು.

“ಪ್ರಶ್ನೆ ಏನೂ ಇಲ್ಲ ಸ್ವಾಮಿ,” ಎಂದು ವಕೀಲರು ಕೂತರು.

ಹೊರಗೆ ಬಂದು ಕೇಳಿದೆ. “ಕೆದಕಿದ್ರ ಮುದುಕ ಇನ್ನೇನರೆ ಅಂದಾನು ತಂಗಿ,” ಎಂದರು. ಇನ್ನೇನು ಅನ್ನುವುದು ಉಳಿದಿತ್ತೋ ನನಗೆ ತಿಳಿಯಲಿಲ್ಲ. ನಮ್ಮ ಮನೆಯವರು ವಕೀಲರ ಪರವೇ ವಾದಿಸಿದರು: “ಬಿಡು, ಛಲೋ ಮನಷಾ. ವಯಸ್ಸಾದವ್ರನ್ನ ನೋಯಿಸಲಿಲ್ಲ.” ಆ ಮೊಕದ್ದಮೆಯಲ್ಲಿ ಯಾರಾದರೂ ಯಾರ ಪರವಾಗಿಯಾದರೂ ವಾದಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಶಿಕ್ಷೆಯಾಯಿತು. ಕಲಬುರಗಿ ಜೈಲಿನಲ್ಲಿ ನೀರಿನ ಮೋಟಾರ್ ಸರಿ ಮಾಡಿ ಎಲ್ಲರಿಂದ ಭೇಷ್ ಅನ್ನಿಸಿಕೊಂಡರಂತೆ. ಮೇಲ್ಮನವಿಯ ಸರದಿ ಬರುವ ಮೊದಲೇ ಅಲ್ಲೇ ಎದೆ ಹಿಡಿದುಕೊಂಡು ಹೋದರು.

ಸತ್ತವರ ಮೇಲ್ಮನವಿಯನ್ನು ಹೆಂಡತಿ ಮುಂದುವರಿಸಬಹುದು ಎಂದು ಹೇಳಿದ್ದು ಜೇವರ್ಗಿ ಕಡೆಯ ಒಬ್ಬ ವಕೀಲೆ. ಕಾಗದ ಓದಿದವಳೇ ಹುಬ್ಬು ಗಂಟಿಕ್ಕಿದಳು. “ಅಕ್ಕಾರ, ಇದನ್ನ ಯಾರೂ ಕೇಳೇ ಇಲ್ಲೇನ್ರಿ?” ಮೇಲಿನ ಕೋರ್ಟೂ ಅದನ್ನೇ ಹೇಳಿತು: ಆರೋಪಿಗೆ ವಕೀಲರಿದ್ದದ್ದು ಹೆಸರಿಗೆ ಮಾತ್ರ, ಇದು ನ್ಯಾಯವಾದ ವಿಚಾರಣೆಯಲ್ಲ, ಶಿಕ್ಷೆ ರದ್ದು. ಇವರು ಬದುಕಿದ್ದರೆ ಕಾಕಾರನ್ನು ಮತ್ತೆ ಕರೆಸಿ ಪಾಟೀಸವಾಲು ಮಾಡಿಸುತ್ತಿದ್ದರಂತೆ. ಈಗ ಅದರ ಅಗತ್ಯವಿಲ್ಲವಂತೆ.

“ಗೆದ್ದಿ ಬಿಡವಾ,” ಎಂದು ಓಣಿಯವರು ಸಕ್ಕರೆ ಕೊಟ್ಟರು. ತಿಂದೆ.

ಮೊನ್ನೆ ಕಾಕಾರ ಮೋಟಾರ್ ಮತ್ತೆ ಸುಟ್ಟಿತಂತೆ. ನಮ್ಮ ಮುಚ್ಚಿದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಮುಂದಿನ ಅಂಗಡಿಗೆ ಹೋದರು. ಕರೆದು ಕೇಳಬಹುದಿತ್ತು. ಆದರೆ ಅದು ನಾನು ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಯಲ್ಲ. ಇವರ ಎದುರಿಗೆ, ಕೋರ್ಟಿನಲ್ಲಿ, ಇವರ ವಕೀಲರು ಕೇಳಬೇಕಾಗಿದ್ದದ್ದು. ಅದನ್ನು ಇನ್ನೂ ಯಾರೂ ಕೇಳಿಲ್ಲ.