ಕಾಲುಪಟ್ಟಿ ಬಿಚ್ಚಿದ ಮಧ್ಯಾಹ್ನ

ಕಾಲುಪಟ್ಟಿ ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಾಲ್ಕು ಬೆರಳಗಲದ, ಆರು ಮೊಳ ಉದ್ದದ ಖಾಕಿ ಉಣ್ಣೆಯ ಪಟ್ಟಿ ಅದು. ಆಗಿನ ಪೊಲೀಸರು ಹಿಮ್ಮಡಿಯ ಮೇಲಿನಿಂದ ಶುರುಮಾಡಿ ಮೊಣಕಾಲಿನ ಕೆಳಗಿನವರೆಗೆ ಅದನ್ನು ಸುತ್ತುಸುತ್ತಾಗಿ ಬಿಗಿದುಕೊಂಡು, ತುದಿಯ ಲಾಡಿಯನ್ನು ಕಟ್ಟಿ ಒಳಕ್ಕೆ ಸಿಕ್ಕಿಸುತ್ತಿದ್ದರು. ಒಂದು ಸುತ್ತು ಸಡಿಲವಾದರೂ ಪರೇಡಿನ ನಡುವೆ ಅದು ಬಿಚ್ಚಿಕೊಂಡು ಬಾಲದಂತೆ ಹಿಂದೆ ಎಳೆದಾಡಿ ಸುತ್ತಲಿನವರ ನಗೆಗೂ ಮೇಲಿನವರ ಬೈಗುಳಕ್ಕೂ ಕಾರಣವಾಗುತ್ತಿತ್ತು. ನಮ್ಮ ಮನೆಯಲ್ಲಿ ಬೆಳಗಾದರೆ ನನಗೆ ಮೊದಲು ಬೀಳುತ್ತಿದ್ದ ಕೆಲಸವೆಂದರೆ, ಅಪ್ಪ ಹಿಂದಿನ ದಿನ ಬಿಚ್ಚಿ ಎಸೆದಿದ್ದ ಪಟ್ಟಿಗಳನ್ನು ನೆಲದ ಮೇಲೆ ಹಾಸಿ, ಸುಕ್ಕು ತೀಡಿ, ಬಿಗಿಯಾಗಿ ಸುರುಳಿ ಸುತ್ತಿ ಕೊಡುವುದು. ಉಣ್ಣೆಗೆ ಬೆವರಿನ ಹುಳಿ ವಾಸನೆ ಹತ್ತಿರುತ್ತಿತ್ತು. ಆ ವಾಸನೆಯನ್ನೇ ನಾನು ಬಹುಕಾಲ ಅಪ್ಪನ ವಾಸನೆ ಎಂದುಕೊಂಡಿದ್ದೆ.

ಅಪ್ಪನ ಹೆಸರು ಮುನಿಶಾಮಪ್ಪ. ಮೈಸೂರು ಸಂಸ್ಥಾನದ ಪೊಲೀಸ್ ಇಲಾಖೆಯಲ್ಲಿ ಕಾನ್ಸ್‌ಟೇಬಲ್. ನೆಲಮಂಗಲ, ದೇವನಹಳ್ಳಿ, ದೊಡ್ಡಬಳ್ಳಾಪುರ ಎಂದು ಆ ಸುತ್ತಿನ ಊರುಗಳಲ್ಲೆಲ್ಲ ನಾವು ಪಾತ್ರೆ ಪಗಡೆ ಹೊತ್ತುಕೊಂಡು ತಿರುಗಿದವರು. ನಾನು ಹೇಳಹೊರಟಿರುವುದು ಯಾವ ಊರಿನಲ್ಲಿ ನಡೆಯಿತೆಂದು ಮಾತ್ರ ಕೇಳಬೇಡಿ. ಅಂದಿನವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಇಂದಿಗೂ ಇದ್ದಾರೆ. ಯುದ್ಧ ಮುಗಿದಿತ್ತು, ರೇಷನ್ನು ಮುಗಿದಿರಲಿಲ್ಲ. ಪೊಲೀಸರಿಗೆ ರಾಗಿ ಗಾಡಿಗಳ ಕಾವಲು, ಡಿಪೋ ಮುಂದೆ ಸಾಲು ನಿಲ್ಲಿಸುವ ಕೆಲಸ, ಸಂಜೆಗೆ ಸಭೆಗಳ ಬಂದೋಬಸ್ತು, ಅದರ ಮೇಲೆ ಗಸ್ತು. ವಾರಕ್ಕೊಂದು ರಜೆ ಎನ್ನುವುದು ಶಾಲೆಗೆ ಉಂಟು, ಕಚೇರಿಗೆ ಉಂಟು, ಸಂತೆಯ ಮರುದಿನ ಎತ್ತಿಗೂ ಉಂಟು, ಪೊಲೀಸಿನವನಿಗೆ ಇರಲಿಲ್ಲ. ಮೇಲಿನವರ ಅಪ್ಪಣೆ ಕಾಗದದಲ್ಲಿ ಬರೆದು ಬಾರದೆ ಅವನು ಠಾಣೆಯ ಸರಹದ್ದು ದಾಟುವಂತಿರಲಿಲ್ಲ.

ಅಪ್ಪನನ್ನು ಸಾಧುವೆಂದು ತೋರಿಸಲು ನಾನು ಇದನ್ನು ಬರೆಯುತ್ತಿಲ್ಲ. ನೇಕಾರರು ನೂಲಿಗಾಗಿ ತಾಲ್ಲೂಕು ಕಚೇರಿಯ ಮುಂದೆ ಕೂತಾಗ ಅವರನ್ನು ಚದುರಿಸಿದ ಲಾಠಿಗಳಲ್ಲಿ ಅವನದೂ ಒಂದು. ಅಂದು ಮನೆಗೆ ಬಂದು ಊಟಕ್ಕೆ ಕೂತವನು ತುತ್ತು ಮುಟ್ಟದೆ ಕೈ ತೊಳೆದು ಎದ್ದುಬಿಟ್ಟ ಎಂದು ಅಮ್ಮ ಹೇಳುತ್ತಿದ್ದಳು. ಊಟ ಬಿಟ್ಟದ್ದರಿಂದ ಏಟು ತಿಂದವರ ಬೆನ್ನು ತಣ್ಣಗಾಗಲಿಲ್ಲ, ಅದು ನನಗೂ ಗೊತ್ತು. ಆದರೆ ವಿಚಿತ್ರವೆಂದರೆ, ಸಂಘ ಎಂಬ ಮಾತನ್ನು ಅಪ್ಪ ಕಲಿತದ್ದೇ ಆ ನೇಕಾರರಿಂದ. ಲೋಯರ್ ಸೆಕೆಂಡರಿಯವರೆಗೆ ಓದಿದ್ದನೆಂದು ಸಭೆಗಳಲ್ಲಿ ಯಾರು ಏನು ಮಾತಾಡಿದರೆಂದು ಬರೆದುಕೊಂಡು ಬರಲು ಅವನನ್ನೇ ಕಳಿಸುತ್ತಿದ್ದರು. ಬೇಡಿಕೆಗಳನ್ನು ಹೇಗೆ ಒಂದೊಂದಾಗಿ ಬರೆಯುವುದು, ಎಲ್ಲರ ಪರವಾಗಿ ಯಾರನ್ನು ಮುಂದೆ ಕಳಿಸುವುದು, ಒಪ್ಪದಿದ್ದರೆ ಎಷ್ಟು ದಿನ ಕಾಯುವುದು, ಎಲ್ಲವನ್ನೂ ಸರ್ಕಾರದ ಕಾಗದದಲ್ಲಿ ಸರ್ಕಾರದ ಪೆನ್ಸಿಲಿನಿಂದ ಬರೆಯುತ್ತ ಬರೆಯುತ್ತ ಅವನಿಗೆ ಬಾಯಿಪಾಠವಾಗಿಬಿಟ್ಟಿತು. ಬೇಹುಗಾರಿಕೆಗೆ ಹೋದವನು ಪಾಠ ಹೇಳಿಸಿಕೊಂಡು ಬಂದಿದ್ದ.

ಕಲಿತದ್ದನ್ನು ಉಪಯೋಗಿಸುವ ಯೋಚನೆ ಅವನಿಗೆ ಬಂದದ್ದು ತಾತ ಸತ್ತ ಮೇಲೆ. ನಮ್ಮದು ಹೊಸಕೋಟೆ ಕಡೆಯ ಅನುಗೊಂಡನಹಳ್ಳಿ. ತಾತ ಹಾಸಿಗೆ ಹಿಡಿದ ಸುದ್ದಿ ಬಂದಾಗ ಅಪ್ಪ ರಜಾ ಅರ್ಜಿ ಬರೆದ. ಅದು ಠಾಣೆಯಿಂದ ಸರ್ಕಲ್ಲಿಗೆ, ಸರ್ಕಲ್ಲಿನಿಂದ ಬೆಂಗಳೂರಿಗೆ ಹೋಗಿ, ಅಲ್ಲಿ ಮೊಹರು ಹಾಕಿಸಿಕೊಂಡು ಅದೇ ದಾರಿಯಲ್ಲಿ ನಿಧಾನವಾಗಿ ಹಿಂದಿರುಗಿತು. ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಹೊರಟು ಅವನು ಊರು ಮುಟ್ಟಿದ್ದು ಮಣ್ಣಾದ ಮೂರನೆಯ ದಿನ, ಹಾಲುತುಪ್ಪಕ್ಕೆ. ಹಿರಿಯ ಮಗ ಹಾಕಬೇಕಾದ ಮಣ್ಣನ್ನು ಚಿಕ್ಕಪ್ಪ ಹಾಕಿ ಮುಗಿಸಿದ್ದ. ಅಜ್ಜಿ ಬೈಯಲಿಲ್ಲ, ಅಳಲೂ ಇಲ್ಲ. “ನಿಮ್ಮಪ್ಪ ಕೊನೇಗಂಟ ನಿನ್ನೇ ಕೇಳ್ತಿದ್ದ ಕಣೋ,” ಎಂದಳಂತೆ, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಪ್ಪ ಮುಪ್ಪಿನಲ್ಲೂ ಹೇಳುತ್ತಿದ್ದ.

ಐದು ಜನ ಸೇರಿದರೆ ಚದುರಿಸುವ ಕೆಲಸದವರು ತಾವೇ ಸೇರುವುದು ಎಲ್ಲಿ? ಅದಕ್ಕೆ ಅವರಿಗೆ ಒಂದೇ ಜಾಗವಿತ್ತು. ಶುಕ್ರವಾರ ಬೆಳಗ್ಗೆ ಪರೇಡ್. ಹಾಗಾಗಿ ಗುರುವಾರ ಸಂಜೆ ನಮ್ಮ ಮನೆಗಳಿದ್ದ ಪೊಲೀಸ್ ಲೈನಿನ ಉದ್ದನೆಯ ಜಗಲಿಯ ಮೇಲೆ ಎಲ್ಲರೂ ಸಾಲಾಗಿ ಕೂತು, ಹುಣಸೆಹಣ್ಣು ಇಟ್ಟಿಗೆಪುಡಿ ಹಚ್ಚಿ ಬೆಲ್ಟಿನ ಹಿತ್ತಾಳೆ ಬಿಲ್ಲೆಗಳನ್ನು ಉಜ್ಜುವುದು ವಾಡಿಕೆ. ಕೈ ಉಜ್ಜುತ್ತಿರಬೇಕು, ತಲೆ ತಗ್ಗಿರಬೇಕು, ಮಾತು ನಡೆಯುತ್ತಿರಬೇಕು. ಇನ್‌ಸ್ಪೆಕ್ಟರು ಹಾದುಹೋದರೂ ಅವರ ಕಣ್ಣಿಗೆ ಕಾಣುವುದು ಶಿಸ್ತೇ. ಹೀಗೆ ನಾಲ್ಕಾರು ಗುರುವಾರಗಳಲ್ಲಿ ಅವರ ಸಂಘ ಹುಟ್ಟಿತು. ಅದಕ್ಕೆ ಹೆಸರಿರಲಿಲ್ಲ, ಬೋರ್ಡಿರಲಿಲ್ಲ. ಮೂರು ಬೇಡಿಕೆಗಳಿದ್ದವು: ಹದಿನೈದು ದಿನಕ್ಕೊಮ್ಮೆಯಾದರೂ ಒಂದು ದಿನ ಬಿಡುವು, ಅಧಿಕಾರಿಗಳ ಮನೆಯಲ್ಲಿ ಹಸು ಕರೆಯುವ, ಹಿಟ್ಟು ಬೀಸಿಸುವ ಚಾಕರಿ ನಿಲ್ಲಬೇಕು, ಮನೆಯಲ್ಲಿ ಕಾಯಿಲೆಯೋ ಸಾವೋ ಆದರೆ ಮೂರು ದಿನದ ರಜೆಯನ್ನು ಠಾಣೆಯಲ್ಲೇ ಕೊಡುವಂತಾಗಬೇಕು. ಮೂರನೆಯದು ಅಪ್ಪನದು. ಲೈನಿಗೆಲ್ಲ ಹಿರಿಯರಾದ ದಫೇದಾರ್ ಬಾಷಾ ಸಾಬರು ಮೊದಲು ಸಹಿ ಹಾಕಿದರು. ಎಲ್ಲರಿಗೂ ಪರೇಡ್ ಕಲಿಸಿದ ಗುರು ಅವರೇ, ಪಿಂಚಣಿ ಹತ್ತಿರದಲ್ಲಿತ್ತು. ಕಳೆದುಕೊಳ್ಳುವುದು ಅವರಿಗೇ ಹೆಚ್ಚು.

ಮನವಿ ಹೋಯಿತು. ಕಾಲ ಸೂಕ್ಷ್ಮವಾಗಿದ್ದುದರಿಂದಲೋ ಏನೋ, ಬೆಂಗಳೂರಿನಿಂದ ಪೊಲೀಸ್ ಸಾಹೇಬರೊಬ್ಬರು ಬಂದು ತಾಲ್ಲೂಕಿನ ಅಮಲ್ದಾರರ ಜೊತೆಯಲ್ಲಿ ಕೂತು ವಿಚಾರಿಸುತ್ತಾರೆಂದು ಉತ್ತರವೂ ಬಂತು. ಅದೇ ವಾರ ಅನುಗೊಂಡನಹಳ್ಳಿಯಿಂದ ಚಿಕ್ಕಪ್ಪನ ಕಾಗದ ಬಂತು: ಅಜ್ಜಿಗೆ ಎದ್ದು ಕೂರಲಾಗುತ್ತಿಲ್ಲ, ಬೇಗ ಬಾ. ಅಪ್ಪ ಅರ್ಜಿ ಬರೆದ. ಅದೂ ಸರ್ಕಲ್ಲಿನ ದಾರಿ ಹಿಡಿಯಿತು.

ವಿಚಾರಣೆ ನಡೆದದ್ದು ಟ್ರಾವೆಲರ್ಸ್ ಬಂಗಲೆಯಲ್ಲಿ, ನೆತ್ತಿಯ ಮೇಲೆ ಬಿಸಿಲಿದ್ದಾಗ. ಮುಂದೆ ನಡೆದದ್ದನ್ನು ಅಪ್ಪ ನನಗೆ ಎಷ್ಟೋ ವರ್ಷಗಳ ಮೇಲೆ, ನಾನು ಶಾಲೆಯ ಉಪಾಧ್ಯಾಯಿನಿಯಾಗಿ ಕೆಲಸಕ್ಕೆ ಸೇರಿದ ಮೇಲೆ ಹೇಳಿದ. ಆರು ಮಂದಿ ಪೂರ್ತಿ ಉಡುಪಿನಲ್ಲಿ ಹೋಗಿದ್ದರು: ತಲೆಗೆ ರುಮಾಲು, ಬೆಳಗಿದ ಬೆಲ್ಟು, ಬಿಗಿದ ಕಾಲುಪಟ್ಟಿ. ಅಚ್ಚುಕಟ್ಟಾಗಿ ಹೋದರೆ ಬೆಲೆ ಕೊಡುತ್ತಾರೆಂದು ಅವರ ಲೆಕ್ಕ. ಸಾಹೇಬರೂ ಅಮಲ್ದಾರರೂ ಮೇಜಿನ ಹಿಂದೆ ಕೂತಿದ್ದರು. ಅಪ್ಪ ಕಾಗದ ತೆಗೆದು ಮೊದಲ ಬೇಡಿಕೆಯನ್ನು ಅರ್ಧ ಓದಿದ್ದನೋ ಇಲ್ಲವೋ, ಸಾಹೇಬರು ದನಿಯನ್ನೂ ಏರಿಸದೆ ಎರಡೇ ಮಾತು ಹೇಳಿದರು: “ಅಟೆನ್ಶನ್. ಅಬೌಟ್ ಟರ್ನ್.” ಹನ್ನೆರಡು ಹಿಮ್ಮಡಿಗಳು ಒಟ್ಟಿಗೆ ತಿರುಗಿದವು. “ಕ್ವಿಕ್ ಮಾರ್ಚ್.”

ಅವರು ಹೊರಟೇಬಿಟ್ಟರು! ಬಾಗಿಲು ದಾಟಿ, ಮೆಟ್ಟಿಲು ಇಳಿದು, ಕೈ ಬೀಸುತ್ತ, ಎಡ ಬಲ ಎಡ ಬಲ ಎಂದು ಕಾಂಪೌಂಡಿನ ಹೊರಗೆ ಹೋಗಿ ರಸ್ತೆಯ ಹುಣಸೆಮರದವರೆಗೆ ನಡೆದರು. ನಿಲ್ಲಿ ಎನ್ನುವವರು ಯಾರೂ ಇರಲಿಲ್ಲವಾದ್ದರಿಂದ ಇನ್ನೂ ಮುಂದೆ ಹೋಗುತ್ತಿದ್ದರೋ ಏನೋ, ಬಾಷಾ ಸಾಬರೇ ಬೆಚ್ಚಿಬಿದ್ದವರಂತೆ “ಹಾಲ್ಟ್!” ಎಂದು ಕೂಗಿದರು. ಬಂಗಲೆಯ ಒಳಗಿನಿಂದ ಸಾಹೇಬರ ನಗು ಕೇಳಿಸಿತು.

ನಾನು ಮೊದಲ ಸಲ ಇದನ್ನು ಕೇಳಿದಾಗ ನಕ್ಕೆ. ನೀವೂ ನಗುತ್ತಿರಬಹುದು, ತಪ್ಪಲ್ಲ. ಆದರೆ ಅಪ್ಪ ನಗಲಿಲ್ಲ, ಮತ್ತು ವಯಸ್ಸಾದಂತೆ ನನಗೂ ಆ ನಗು ಕಡಿಮೆಯಾಯಿತು. ವಾರಗಟ್ಟಲೆ ಗುಟ್ಟಾಗಿ ಕೂಡಿಸಿದ ಧೈರ್ಯವೆಲ್ಲ ಎದೆಯಲ್ಲಿತ್ತು, ಆದರೆ ಕಾಲುಗಳು ಬೇರೆಯವರ ಮಾತು ಕೇಳುತ್ತಿದ್ದವು. ನಮ್ಮೆಲ್ಲರ ಮೈಯಲ್ಲೂ ಇಂಥ ಒಂದು ಪರೇಡು ಯಾರೋ ಕಲಿಸಿಟ್ಟದ್ದು ಇರುತ್ತದೆ. ದೊಡ್ಡವರು ಒಳಗೆ ಬಂದೊಡನೆ ನಾನು ಈಗಲೂ ಕುರ್ಚಿಯಿಂದ ಎದ್ದು ಸೆರಗು ಸರಿಮಾಡಿಕೊಳ್ಳುತ್ತೇನೆ, ಹಾಗೆ ಎದ್ದವಳು ನಾನೇ ಹೌದೋ ಅಲ್ಲವೋ ಎಂದು ಆಮೇಲೆ ಯೋಚಿಸುತ್ತೇನೆ. ಗದರಿಸಿ ಹೊರಗೆ ನೂಕಿದ್ದರೆ ಅಪ್ಪನ ಜೊತೆಯವರಿಗೆ ಸಿಟ್ಟಾದರೂ ಬರುತ್ತಿತ್ತು. ತಾವೇ ಲಕ್ಷಣವಾಗಿ ನಡೆದುಕೊಂಡು ಹೊರಗೆ ಬಂದಿದ್ದರಿಂದ ನಾಚಿಕೆಯೊಂದೇ ಉಳಿಯಿತು.

ಮರದ ಕೆಳಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲವಂತೆ. ಬಾಷಾ ಸಾಬರು ಕಣ್ಣೊರೆಸಿಕೊಂಡರು. “ನಾನೇ ಕಲ್ಸಿದ್ದು ಮುನಿಶಾಮಿ. ಇಪ್ಪತ್ತು ವರ್ಷ ಇದೇ ಕಲ್ಸಿದ್ದು ನಿಮ್ಗೆಲ್ಲಾ.”

ಅಪ್ಪ ಕಲ್ಲಿನ ಮೇಲೆ ಕೂತು ಎಡಗಾಲಿನ ಪಟ್ಟಿಯ ಲಾಡಿ ಬಿಚ್ಚತೊಡಗಿದ. ಆಮೇಲೆ ಬಲಗಾಲಿನದು. ಬೂಟು ಕಳಚಿದ. ಬೆಲ್ಟಿಗೆ ಕೈ ಹಾಕಿದಾಗ ಬಾಷಾ ಸಾಬರು ಅವನ ಕೈ ಹಿಡಿದುಕೊಂಡರು.

“ಬ್ಯಾಡಪ್ಪಾ. ಸಾಹೇಬ್ರ ಮುಂದೆ ಬೆಲ್ಟು ತೆಗೆದ್ರೆ ಕೆಲ್ಸ ಹೋದಂಗೇ.”

“ಗೊತ್ತು ಸಾಬಣ್ಣ. ಹಾಕ್ಕೊಂಡು ಹೋಗಿ ನೋಡಿದ್ವಲ್ಲ, ಬಾಯೇ ಬರ್ಲಿಲ್ಲ.”

“ಮನೇಲಿ ಹೆಂಡ್ತಿ ಮಕ್ಳವ್ರೆ ಕಣೋ.”

“ಊರಲ್ಲಿ ನಮ್ಮವ್ವಾನೂ ಅವ್ಳೆ.”

ಕೈ ಬಿಡಿಸಿಕೊಂಡು ಬೆಲ್ಟನ್ನೂ, ಆಮೇಲೆ ತಲೆಯ ರುಮಾಲನ್ನೂ ತೆಗೆದ. ನಮ್ಮ ಕಡೆ ಗಂಡಸು ನಾಲ್ಕು ಜನರ ಎದುರು ರುಮಾಲು ತೆಗೆಯುವುದು ಸಾವಿನ ಮನೆಯಲ್ಲಿ. ಪೊಲೀಸ್ ನಿಯಮದಲ್ಲಿ ಅದಕ್ಕೆ ಇನ್ನೊಂದು ಅರ್ಥವಿತ್ತು: ಬರಿದಲೆಯವನು ಸಲಾಮು ಹೊಡೆಯುವಂತಿಲ್ಲ, ಸಾಲಿನಲ್ಲಿ ನಿಲ್ಲುವಂತಿಲ್ಲ, ಆದ್ದರಿಂದ ಅವನಿಗೆ ಪರೇಡಿನ ಆಜ್ಞೆಯೂ ಇಲ್ಲ. ಎಲ್ಲವನ್ನೂ ಒಂದರ ಮೇಲೊಂದು ಮಡಿಸಿ ಬಂಗಲೆಯ ಮೆಟ್ಟಿಲ ಮೇಲಿಟ್ಟು ಬರಿಗಾಲಿನಲ್ಲಿ ಅವನು ಮತ್ತೆ ಒಳಗೆ ಹೋದ. ಉಳಿದ ಐವರು ಬಾಗಿಲವರೆಗೆ ಬಂದು ನಿಂತರು.

ಸಾಹೇಬರು ಈ ಸಲ ಕೂಗಿಯೇ “ಅಟೆನ್ಶನ್!” ಎಂದರು. ಆದರೆ ಕಾಲು ಕೂಡಲಿಲ್ಲ ಎಂದ ಅಪ್ಪ. “ಸ್ವಾಮಿ, ಉಡುಪೆಲ್ಲ ಮೆಟ್ಲ ಮೇಲೈತೆ, ಅದಕ್ಕೆ ಏನ್ ಬೇಕಾದ್ರೂ ಹೇಳಿ. ನಾನು ಅನುಗೊಂಡನಹಳ್ಳಿಯೋನು, ಮಾತಾಡಿ ಹೋಗ್ತೀನಿ.” ಕಾಗದ ನೋಡದೆಯೇ ಮೂರನ್ನೂ ಹೇಳಿದ. ತಾತನ ಸಾವನ್ನು ಹೇಳಿದ, ಮಣ್ಣು ಹಾಕಲಾಗದ್ದನ್ನು ಹೇಳಿದ. ಸಾಹೇಬರು ಮುಖ ತಿರುಗಿಸಿಕೊಂಡು ಕೂತಿದ್ದರು, ಅಮಲ್ದಾರರು ಮಾತ್ರ ಪೆನ್ನಿನ ಮುಚ್ಚಳ ತೆಗೆದು, “ಎಷ್ಟು ದಿನಕ್ಕೆ ಅಪ್ಪಣೆ ಬಂತು ಅಂದಿರಿ?” ಎಂದು ಎರಡು ಸಲ ಕೇಳಿ ಬರೆದುಕೊಂಡರು. ಕಾನ್ಸ್‌ಟೇಬಲ್ಲಿಗೆ ಬಹುವಚನ ಹಚ್ಚಿ ಮಾತಾಡಿದ ಮೊದಲ ಅಧಿಕಾರಿ ಅವರು ಎಂದು ಅಪ್ಪ ಕೊನೆಯವರೆಗೂ ನೆನೆಯುತ್ತಿದ್ದ.

ಮರುದಿನ ಬೆಳಗ್ಗೆ ಕಾಗದ ಬಂತು. ಮೇಲಧಿಕಾರಿಯ ಎದುರು ಉಡುಪು ಕಳಚಿದ ಅವಿಧೇಯತೆಗಾಗಿ ಕೆಲಸದಿಂದ ವಜಾ. ಎರಡು ದಿನದೊಳಗೆ ಲೈನಿನ ಮನೆ ಖಾಲಿ ಮಾಡತಕ್ಕದ್ದು. ಮಿಕ್ಕ ಐವರನ್ನು ಮುಟ್ಟಲಿಲ್ಲ. ನಾವು ಊರು ಬಿಟ್ಟ ಸ್ವಲ್ಪ ದಿನಕ್ಕೆ ಆದೇಶವೊಂದು ಹೊರಟಿತೆಂದು ಬಾಷಾ ಸಾಬರು ಬರೆಸಿ ಕಳಿಸಿದರು: ಮನೆಯ ಕಾಯಿಲೆಗೆ, ಸಾವಿಗೆ ಮೂರು ದಿನದ ರಜೆಯನ್ನು ಇನ್ನು ಠಾಣೆಯಲ್ಲೇ ಕೊಡಬಹುದು. ಬಿಡುವಿನ ದಿನ ಪರಿಶೀಲನೆಯಲ್ಲಿತ್ತು, ಹಸು ಕರೆಯುವ ವಿಷಯವನ್ನು ಯಾರೂ ಎತ್ತಿರಲಿಲ್ಲ. ಅಪ್ಪ ಕೇಳಿದ್ದು ಸಿಕ್ಕಿತ್ತು, ಅಪ್ಪನಿಗೆ ಸಿಕ್ಕಿರಲಿಲ್ಲ.

ಗಾಡಿಯಲ್ಲಿ ಪಾತ್ರೆಗಳ ನಡುವೆ ಕೂತು ನಾವು ಅನುಗೊಂಡನಹಳ್ಳಿ ಸೇರಿದೆವು. ದಾರಿಯುದ್ದಕ್ಕೂ ಅಮ್ಮ ಅಪ್ಪನಿಗೆ ಬೆನ್ನು ತಿರುಗಿಸಿ ಕೂತಿದ್ದಳು. ಅವಳಿಗೆ ಕೋಪವೂ ಇತ್ತು, ಭಯವೂ ಇತ್ತು, ಎರಡಕ್ಕೂ ಕಾರಣವಿತ್ತು. ಚಿಕ್ಕಪ್ಪನ ಮನೆಯ ಪಡಸಾಲೆಯಲ್ಲಿ ಅಜ್ಜಿ ಚಾಪೆಯ ಮೇಲೆ ಮಲಗಿದ್ದಳು, ಜೀವವಿತ್ತು. ಅಪ್ಪ ಅವಳ ತಲೆಯ ಹತ್ತಿರ ಕೂತು ಕೈ ಹಿಡಿದುಕೊಂಡ. ಅವಳು ಅವನ ಮುಖ ಸವರಿ ನೋಡಿ ಮೊದಲು ಕೇಳಿದ್ದು ಇದು:

“ಎಷ್ಟ್ ದಿನ ರಜಾ ಕೊಟ್ಟವ್ರೆ ಮಗಾ?”

ಅಮ್ಮ ನಮ್ಮನ್ನು ನೋಡಿದಳು, ಯಾರೂ ಬಾಯಿ ಬಿಡಕೂಡದು ಎನ್ನುವಂತೆ. ಅಲ್ಲಿಯವರೆಗೂ ಮುನಿದುಕೊಂಡಿದ್ದವಳು ಅವಳೇ.

“ನಿನಗೆ ವಾಸಿ ಆಗೋಗಂಟ ಇರು ಅಂದವ್ರೆ ಕಣವ್ವಾ,” ಎಂದ ಅಪ್ಪ.

ಅಜ್ಜಿ ಇನ್ನೂ ಹತ್ತೊಂಬತ್ತು ದಿನ ಬದುಕಿದಳು. ನೋಡಲು ಬಂದ ಒಬ್ಬೊಬ್ಬರಿಗೂ, ಉಸಿರಿಗೆ ತಡೆತಡೆದು ಹೇಳುತ್ತಿದ್ದಳು: “ಈಗಿನ್ ಸಾಹೇಬ್ರು ಬಲು ಒಳ್ಳೇವ್ರು ಕಣ್ರವ್ವಾ. ಅವ್ವನ್ ಹತ್ರ ಇರು ಅಂತ ಅವ್ರೇ ಕಳ್ಸವ್ರೆ. ಅವ್ರ ಹೊಟ್ಟೆ ತಣ್ಣಗಿರ್ಲಿ.” ಅವಳ ಬಾಯಿಗೆ ಗಂಜಿ ಬಿಡುತ್ತಿದ್ದ ಅಪ್ಪ ಪ್ರತಿ ಸಲವೂ “ಹೂಂ ಕಣವ್ವಾ,” ಎನ್ನುತ್ತಿದ್ದ. ಇಪ್ಪತ್ತನೆಯ ದಿನ ಅವಳ ಮೇಲೆ ಮೊದಲ ಹಿಡಿ ಮಣ್ಣು ಹಾಕಿದವನು ಅವನೇ.