ಭೂತಾನದ ಹಳೆಯ ಗೋಲ್‌ಕೀಪರ್

ಕೊಲ್ಲಿ ನಾಡಿನ ದೇರಾದ ಮೀನು ಮಾರುಕಟ್ಟೆಯ ಬಳಿಯ ಕೆಫೆಟೇರಿಯಾದಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಟಿವಿಯಲ್ಲಿ ಭೂತಾನದ ಫುಟ್‌ಬಾಲ್ ತಂಡ ಆಡುತ್ತಿತ್ತು. ಅದನ್ನೇ ನೋಡುತ್ತಿದ್ದ ಸೆಕ್ಯುರಿಟಿ ಗಾರ್ಡ್ ಒಬ್ಬರನ್ನು ತೋರಿಸಿ ಅಂಗಡಿ ಮಾಲೀಕ, ಉಳ್ಳಾಲದ ಹಮೀದಾಕ, "ಇವರು ಹಿಂದೆ ಅದೇ ಟೀಮಿನ ಗೋಲ್‌ಕೀಪರ್ ಮಾರಾಯ್ರೆ" ಎಂದರು.

ನಿಮ್ಮ ಕಾಲದಲ್ಲಿ ಹೇಗಿತ್ತೆಂದು ಹಿಂದಿಯಲ್ಲಿ ಕೇಳಿದೆ.

"ಬರೀ ಸೋಲು. ಒಂದು ಸಲ ಹನ್ನೊಂದು ಗೋಲು ಬಿಟ್ಟುಕೊಟ್ಟೆ. ಊರಿಗೆ ಹೋಗಿ ಒಂದು ವಾರ ಮನೆಯಿಂದ ಹೊರಗೇ ಬರಲಿಲ್ಲ."

ಆಟ ಮುಗಿದಾಗ ಭೂತಾನ ಸೋತಿತ್ತು. ಗಾರ್ಡ್ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು.

"ಸೋತದ್ದಲ್ವಾ ಇವ್ರು?" ಹಮೀದಾಕ ನನ್ನನ್ನು ಮೆಲ್ಲನೆ ಕೇಳಿದರು.

ಮಾತಿನ ಧಾಟಿಯಲ್ಲೇ ಅರ್ಥವಾಯಿತೇನೋ, ಗಾರ್ಡ್ ತಿರುಗಿದರು. ಕಣ್ಣು ತುಂಬಿತ್ತು. "ಬಿಟ್ಟುಕೊಟ್ಟದ್ದು ಒಂದೇ ಗೋಲು, ಭಾಯ್. ಒಂದೇ."

ಹಮೀದಾಕ ಚಹಾದ ಕೆಟಲನ್ನು ಕೆಳಗಿಟ್ಟು, ತಾವೂ ಚಪ್ಪಾಳೆ ತಟ್ಟಿದರು.