ರೊಟ್ಟಿ ಹಲಗೆಯ ಮೇಲೆ ಪಿಯಾನೋ

ಹರಿಹರದ ಆ ಪಿಯಾನೋ ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸಂಗೀತ ಕಲಿತ ದಿನಗಳನ್ನು ನೆನೆದು ಕಣ್ಣು ಮುಚ್ಚಿ ತಲೆದೂಗುವವರನ್ನು ನೋಡಿದ್ದೇನೆ. ನನಗೆ ಆ ಭಾಗ್ಯವಿಲ್ಲ. ನನಗೆ ನೆನಪಾಗುವುದು ಬೆರಳು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮ ಮನೆ, ಅಪ್ಪನದು ಶೇಂಗಾ ದಲಾಲಿ ಅಂಗಡಿ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಹರಿಹರದಲ್ಲಿ ಚರ್ಚಿನವರದೊಂದು ಹುಡುಗಿಯರ ಶಾಲೆಯಿತ್ತು. ಅಲ್ಲಿ ಪಿಯಾನೋ ಬಾರಿಸುತ್ತಿದ್ದ ಟೀಚರಿಗೆ ವಯಸ್ಸಾಗಿತ್ತು. ಬೆಳಗಿನ ಪ್ರಾರ್ಥನೆಗೆ ಬಾರಿಸಿ, ಸಣ್ಣ ಮಕ್ಕಳಿಗೆ ಹಾಡು ಹೇಳಿಕೊಡುವ ಹುಡುಗಿಯನ್ನು ಹುಡುಕುತ್ತಿದ್ದರು. ನನಗೆ ಹಾರ್ಮೋನಿಯಂ ಅಷ್ಟಿಷ್ಟು ಬರುತ್ತಿತ್ತು. “ಜೂನ್ ತಿಂಗಳ ಒಳಗೆ ಎರಡೂ ಕೈಯಿಂದ ಹತ್ತು ಹಾಡು ಬಾರಿಸಿ ತೋರಿಸು, ಕೆಲಸ ನಿನ್ನದು” ಎಂದರು ಟೀಚರಮ್ಮ. ನಮ್ಮ ಮನೆತನದಲ್ಲಿ ಹೆಂಗಸೊಬ್ಬಳು ಸಂಬಳಕ್ಕೆ ಹೋದದ್ದೇ ಇರಲಿಲ್ಲ. ನನಗೆ ಆ ಕೆಲಸ ಬೇಕೇ ಬೇಕಾಗಿತ್ತು.

ಅಪ್ಪ ಒಪ್ಪಿದರು, ಆದರೆ ಅಂಗಡಿಯವರಲ್ಲವೇ, ಕರಾರು ಹಾಕದೆ ಒಪ್ಪಲಿಲ್ಲ. “ಮದ್ವೆ ಗೊತ್ತಾಗೋತನ ಹೋಗು. ಮನೆ ಕೆಲ್ಸ ಒಂದಿನ ತಪ್ಪಿದ್ರೂ ಬಸ್ ಹತ್ತಂಗಿಲ್ಲ ನೋಡು.”

ಮನೆ ಕೆಲಸವೆಂದರೆ ರೊಟ್ಟಿ. ಹನ್ನೆರಡು ಜನರ ಮನೆ. ಬೆಳಿಗ್ಗೆ, ಸಂಜೆ ಅವ್ವ ಮತ್ತು ನಾನು ಎದುರುಬದುರು ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದೆವು. ಆಮೇಲೆ ವಾರಕ್ಕೆ ಎರಡು ದಿನ ನಾನು ಹರಿಹರದ ಬಸ್ಸು ಹತ್ತುತ್ತಿದ್ದೆ. ಉಳಿದ ಐದು ದಿನ? ಮನೆಯಲ್ಲಿ ಪಿಯಾನೋ ಎಲ್ಲಿಂದ ಬರಬೇಕು! ಅಟ್ಟದ ಮೇಲೆ ಬಿದ್ದಿದ್ದ ಹಳೆಯ ರೊಟ್ಟಿ ಹಲಗೆಯನ್ನು ಇಳಿಸಿಕೊಂಡು, ಅದರ ಮೇಲೆ ಸೀಮೆಸುಣ್ಣದಿಂದ ಹದಿನಾಲ್ಕು ಬಿಳಿ ಪಟ್ಟಿ, ಇದ್ದಿಲಿನಿಂದ ಹತ್ತು ಕರಿ ಪಟ್ಟಿ ಬರೆದುಕೊಂಡೆ. ಹಿತ್ತಲಿನ ಕಟ್ಟೆಯ ಮೇಲೆ ಇಟ್ಟುಕೊಂಡು ದಿನಕ್ಕೆ ಎರಡು ತಾಸು ಬಾರಿಸಿದೆ. ಹಲಗೆ ಸ್ವರ ಕೊಡುವುದಿಲ್ಲ. ಬೆರಳು ಸರಿಯಾಗಿ ಬಿತ್ತೋ ಇಲ್ಲವೋ ತಿಳಿಯದು. ಆ ಅನುಮಾನಕ್ಕೆ ಇನ್ನೂ ಜೋರಾಗಿ ಬಡಿಯುತ್ತಿದ್ದೆ. ರೊಟ್ಟಿ ಬಡಿದು ಕಲಿತ ಕೈ ಅದು, ಅದಕ್ಕೆ ಬಡಿಯುವುದೊಂದೇ ಗೊತ್ತಿತ್ತು.

ಎರಡು ತಿಂಗಳಾಗುವುದರೊಳಗೆ ಬೆರಳ ಗಂಟುಗಳು ಬಾತವು. ಎಡಗೈಯ ಕಿರುಬೆರಳು, ಅದರ ಪಕ್ಕದ್ದು ರಾತ್ರಿಯೆಲ್ಲ ಸಿಡಿಯುತ್ತಿದ್ದವು. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚಲು ಇನ್ನೊಂದು ಕೈ ಬೇಕು. ಯಾರ ಹತ್ತಿರ ಹೇಳಲಿ? ಹೇಳಿದರೆ ಬಸ್ಸು ಬಂದ್. ಹಲ್ಲು ಕಚ್ಚಿಕೊಂಡು ರೊಟ್ಟಿ ಬಡಿದೆ, ಹಲ್ಲು ಕಚ್ಚಿಕೊಂಡು ಹಲಗೆ ಬಡಿದೆ. ಅಪ್ಪನ ಮೇಲೆ ಸಿಟ್ಟು, ರೊಟ್ಟಿ ತಿನ್ನುವ ಹನ್ನೆರಡು ಬಾಯಿಗಳ ಮೇಲೂ ಸಿಟ್ಟು. ಹರಿಹರದಲ್ಲಿ “ಈ ಪಿಯಾನೋದ ಪಟ್ಟಿಗಳು ಬಿರುಸಾಗಿವೆ” ಎಂದು ಗೊಣಗಿದೆ. ಟೀಚರಮ್ಮ “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ನಕ್ಕುಬಿಟ್ಟರು. ಆ ನಗುವಿಗೆ ಮೈಯೆಲ್ಲ ಉರಿಯಿತು. ದಾರಿಯ ಬಾತಿ ಊರು ದಾಟುವವರೆಗೂ ಬಸ್ಸಿನಲ್ಲಿ ಅವರನ್ನು ಮನಸ್ಸಿನಲ್ಲೇ ಬೈಯುತ್ತಾ ಬಂದೆ.

ಆಮೇಲೆ ಒಂದು ಬೆಳಿಗ್ಗೆ ಆಗಬಾರದ್ದು ಆಯಿತು. ನಮ್ಮಲ್ಲಿ ಸ್ನಾನವಾದ ಮೇಲೆ ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತೇವೆ. ಅದಿಲ್ಲದೆ ಬಾಯಿಗೆ ನೀರೂ ಹಾಕುವುದಿಲ್ಲ. ನಾನು ವಿಭೂತಿ ಹಚ್ಚಿ, ಪತ್ರೆ ಏರಿಸುತ್ತಿದ್ದೆ. ಎಡಗೈ ಇದ್ದಕ್ಕಿದ್ದಂತೆ ನಡುಗಿತು. ಲಿಂಗ ಜಾರಿ ನೆಲಕ್ಕೆ ಬಿತ್ತು.

“ಅಯ್ಯೋ ಶಿವನೇ! ಮನೆ ಹಾಳಾತು!” ಎಂದು ಅಜ್ಜಿ ಕೂಗಿಕೊಂಡ ಕೂಗಿಗೆ ಓಣಿಯೇ ಸೇರಿತು. ನಮ್ಮ ಜನಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ. ಮಠದ ಅಯ್ನೋರಿಗೆ ಹೇಳಿಕಳಿಸಿದರು. ಅವರು ಬರುವವರೆಗೆ ನಾನು ಹನಿ ನೀರಿಲ್ಲದೆ ಮೂಲೆಯಲ್ಲಿ ಕೂತಿದ್ದೆ. ಒಬ್ಬರಾದರೂ ಬಂದು ಕೈ ಏನಾಯಿತೆಂದು ನೋಡಲಿಲ್ಲ. ಬಿದ್ದದ್ದನ್ನು ಎಲ್ಲರೂ ನೋಡಿದ್ದರು, ಬೀಳಿಸಿದ ಕೈ ಯಾರಿಗೂ ಬೇಕಾಗಿರಲಿಲ್ಲ.

ಅಯ್ನೋರು ಮಧ್ಯಾಹ್ನ ಬಂದರು. ಲಿಂಗವನ್ನು ತೊಳೆದು, ಮಂತ್ರ ಹೇಳಿ, ನನ್ನ ಅಂಗೈಗೆ ಮತ್ತೆ ಕೊಡುವ ಮುಂಚೆ ಕೇಳಿದರು: “ಕೈ ಯಾಕ ನಡುಗ್ತು ತಾಯಿ?”

ಅಪ್ಪ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಉತ್ತರ ಆಗಲೇ ಬರೆದಂತಿತ್ತು. ಪಿಯಾನೋ ಎಂಬ ಮಾತು ಬಂದರೆ ಎಲ್ಲವೂ ಅಲ್ಲಿಗೆ ಮುಗಿಯಿತು. ಲಿಂಗದ ಮುಂದೆ ಸುಳ್ಳು ಹೇಳುವುದು ಹೇಗೆ? ನಿಜವನ್ನೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆ ಬಾಗಿಲಿನಿಂದ ಅವ್ವನ ದನಿ ಬಂತು.

“ರೊಟ್ಟಿ ಬಡಿದೂ ಬಡಿದೂ ಹಂಗಾಗೈತ್ರಿ, ಅಯ್ನೋರೇ.”

ಗಂಡಸರು ಕೂತ ಪಡಸಾಲೆಯಲ್ಲಿ ಅವ್ವ ಹಾಗೆ ಬಾಯಿ ಹಾಕಿದವಳೇ ಅಲ್ಲ. ಅಯ್ನೋರ ಮುಖ ಸಡಿಲಾಯಿತು. “ಹಂಗಾದ್ರೆ ದೋಷ ಇಲ್ಲ ಬಿಡ್ರಿ. ಮನೆ ಕೆಲ್ಸದಾಗೆ ಬಂದ ನೋವು, ಬಡೀತಾ ಬಡೀತಾ ತಾನೇ ಹೋಗ್ತೈತೆ.” ಅಪ್ಪ ತಲೆಯಾಡಿಸಿದರು. ಅಜ್ಜಿ ಕಣ್ಣೊರೆಸಿಕೊಂಡು ನಕ್ಕಳು. ನನಗೆ ಸಮಾಧಾನವಾಗಬೇಕಿತ್ತು, ಸಿಟ್ಟು ಬಂತು. ಅದೇ ಕೈ, ಅದೇ ನಡುಕ. ಪಿಯಾನೋದಿಂದ ಬಂದರೆ ಪಾಪ, ರೊಟ್ಟಿಯಿಂದ ಬಂದರೆ ಪುಣ್ಯ! ಎದ್ದು ಹೋಗಿ ಆ ಹಲಗೆಯನ್ನು ತಂದು ಎಲ್ಲರ ಮುಂದೆ ಎಸೆಯಬೇಕೆನಿಸಿತ್ತು. ಎಸೆಯಲಿಲ್ಲ. ಕೆಲಸ ಬೇಕಾಗಿತ್ತಲ್ಲ.

ಸಂಜೆ ಅಡುಗೆಮನೆಯಲ್ಲಿ ಅವ್ವ ನನ್ನ ಮುಂದಿನ ಹಿಟ್ಟನ್ನು ತನ್ನ ಕಡೆ ಎಳೆದುಕೊಂಡಳು. “ನೀ ಬಡೀಬ್ಯಾಡ. ಒಲೆ ಮುಂದೆ ಕೂತು ಬೇಯ್ಸು. ಪಡಸಾಲೆಗೆ ಸಪ್ಪಳ ಕೇಳಿದ್ರೆ ಸಾಕು, ಯಾರ ಕೈ ಅಂತ ಯಾರು ಬಂದು ನೋಡ್ತಾರ?”

ಯಾರೂ ಬಂದು ನೋಡಲಿಲ್ಲ. ಇಬ್ಬರ ರೊಟ್ಟಿಯನ್ನೂ ಅವಳೊಬ್ಬಳೇ ಬಡಿದಳು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕಾಯಿಸಿ ನನ್ನ ಬೆರಳಿಗೆ ಕಟ್ಟುತ್ತಿದ್ದಳು. ಹರಿಹರದಲ್ಲಿ ಕಟ್ಟು ನೋಡಿದ ಟೀಚರಮ್ಮನಿಗೆ ಹಲಗೆಯ ಕಥೆ ಹೇಳಿದೆ. ಈ ಸಲ ಅವರು ನಗಲಿಲ್ಲ, ಬೈದರು. “ಮರಕ್ಕೆ ಬಡಿದರೆ ಬೆರಳು ಮುರೀದೆ ಇರುತ್ತಾ, ಹುಚ್ಚಿ? ಮೊದಲೇ ಹೇಳೋಕೆ ಏನಾಗಿತ್ತು?” ಹಲಗೆ ಬಿಡಿಸಿದರು, ವಾರಕ್ಕೆ ನಾಲ್ಕು ದಿನ ಬರಹೇಳಿದರು. ಕಾಲು ತಾಸು ಬಾರಿಸುವುದು, ಕಾಲು ತಾಸು ಬಿಸಿನೀರಿನಲ್ಲಿ ಕೈ ಇಡುವುದು. ಬಡಿಯಬಾರದು, ತೋಳಿನ ಭಾರ ಬಿಟ್ಟು ಒತ್ತಬೇಕು. ತಿಂಗಳೊಪ್ಪತ್ತಿನಲ್ಲಿ ಬಾವು ಇಳಿಯಿತು. ಜೂನಿನಲ್ಲಿ ಹತ್ತು ಹಾಡು ಬಾರಿಸಿದೆ. ಕೆಲಸ ಸಿಕ್ಕಿತು.

ಸಿಕ್ಕಮೇಲೂ ರೊಟ್ಟಿಗೆ ನಾನು ಕೈ ಹಾಕಲಿಲ್ಲ. ಬೆರಳು ಕಾಯ್ದುಕೊಳ್ಳಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವನೂ ಕರೆಯಲಿಲ್ಲ.

ಅವ್ವ ಎಲ್ಲರಿಗಿಂತ ಮೊದಲೆದ್ದು ಪೂಜೆ ಮುಗಿಸುವವಳು. ಅವಳು ಪೂಜೆಗೆ ಕೂತದ್ದನ್ನು ನಾವು ಮಕ್ಕಳು ಕಂಡವರಲ್ಲ. ಶಾಲೆಗೆ ಬೇಗ ಹೋಗಬೇಕಾಗಿದ್ದ ಒಂದು ಬೆಳಿಗ್ಗೆ ನಾನು ಅವಳ ಹಿಂದೆಯೇ ಎದ್ದೆ. ದೇವರ ಮೂಲೆಯಲ್ಲಿ ದೀಪ ಹಚ್ಚಿಕೊಂಡು ಕೂತಿದ್ದಳು. ಎಡಗೈಯನ್ನು ಮೊಣಕಾಲಿಗೆ ಒತ್ತಿ ಇಟ್ಟು, ಅದರ ಮಣಿಕಟ್ಟನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದಿದ್ದಳು. ಆದರೂ ಅಂಗೈಯಲ್ಲಿ ಲಿಂಗ ನಡುಗುತ್ತಿತ್ತು. ಗಂಟುಗಳು ನನ್ನವಕ್ಕಿಂತ ಎರಡರಷ್ಟು ಬಾತು, ಬೆರಳು ಸೊಟ್ಟಗಾಗಿದ್ದವು. ದಿನಾ ಎದುರು ಕೂತಿದ್ದ ನಾನೂ ಹಿಟ್ಟು ಮೆತ್ತಿದ ಆ ಕೈಯನ್ನು ಸರಿಯಾಗಿ ನೋಡಿರಲಿಲ್ಲ. ಅಯ್ನೋರ ಮುಂದೆ ಅವಳು ಹೇಳಿದ್ದು ತನ್ನ ಕೈಯ ಮಾತು.

ಅವಳು ಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವವರೆಗೆ ನಿಂತಿದ್ದೆ. “ಎಷ್ಟು ದಿನದಿಂದ ಹಿಂಗೈತೆ?” ಎಂದು ಕೇಳಿದೆ. ನನ್ನ ದನಿ ಜಗಳದ ದನಿಯಾಗಿತ್ತು.

“ನಿಮ್ಮಣ್ಣ ಹುಟ್ಟಿದಾಗಿಂದ.”

“ನೀನೂ ಬಡೀಬ್ಯಾಡ.”

ಅವ್ವ ನನ್ನ ಮುಖ ನೋಡಿದಳು. “ಮತ್ತೆ ಯಾರು ಬಡೀತಾರ?” ಎಂದಳು.

ಅವಳು ನಿಜವಾಗಿ ಕೇಳುತ್ತಿದ್ದಳು. ಬಸ್ಸಿನ ಹೊತ್ತಾಗಿತ್ತು. ಅವಳು ಕಟ್ಟಿಕೊಟ್ಟ ರೊಟ್ಟಿ ತೆಗೆದುಕೊಂಡು ಹೋದೆ.